ಮೊಣಕೈಯ ಎಲಾಸ್ಟಿಕ್

ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಇನ್ನೂ ಕಟ್ಟುತ್ತಿದ್ದ ಕಾಲದಲ್ಲಿ, ಜಿಗಣಿಯ ಒಂದು ಕ್ರೀಮು ಕಾರ್ಖಾನೆಯಲ್ಲಿ ನಾನು ‘ವಿಜ್ಞಾನಿ’ಯಾಗಿದ್ದೆ. ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು ಎಂಬುದಷ್ಟೇ ಅವರಿಗೆ ಬೇಕಿತ್ತು. ಲ್ಯಾಬ್ ಎಂಬ ಕೋಣೆಯಲ್ಲಿ ಒಂದು ತಕ್ಕಡಿ, ಒಂದು ಫ್ರಿಜ್ಜು, ಮತ್ತು ಯಾರಾದರೂ ನೋಡಲು ಬಂದಾಗ ಹಾಕಿಕೊಳ್ಳಲು ನಾಲ್ಕು ಬಿಳಿ ಕೋಟುಗಳಿದ್ದವು. ಫ್ರಿಜ್ಜಿನಲ್ಲಿ ಹೆಚ್ಚಾಗಿ ಮ್ಯಾನೇಜರರ ಮೊಸರನ್ನ ಇರುತ್ತಿತ್ತು.

ನಮ್ಮ ಹೆಮ್ಮೆಯ ಕ್ರೀಮಿನಲ್ಲಿ ಎಲಾಸ್ಟಿನ್ ಇತ್ತು. ಎಲಾಸ್ಟಿನ್ ನಿಜಕ್ಕೂ ಸೊಗಸಾದ ಪ್ರೋಟೀನು. ಅದರ ಹೆಸರನ್ನು ಆ ಡಬ್ಬಿಯ ಮೇಲೆ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಚರ್ಮದಲ್ಲಿ ಕೊಲಾಜೆನ್ ಎಂಬ ಇನ್ನೊಂದು ಪ್ರೋಟೀನು ಮೂರೆಳೆ ಹೊಸೆದ ಹಗ್ಗದ ಹಾಗೆ ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಅಷ್ಟಾಗಿ ಹಿಗ್ಗುವುದಿಲ್ಲ. ಹಿಗ್ಗುವುದು ಎಲಾಸ್ಟಿನ್. ಅದರ ಎಳೆಗಳು ನೀರಿಗೆ ಅಂಜುವ ಭಾಗಗಳನ್ನು ಒಳಗೆ ಮುದುರಿಕೊಂಡು ಗೋಜಲಾಗಿರುತ್ತವೆ; ಅಲ್ಲಲ್ಲಿ ಒಂದಕ್ಕೊಂದು ಬೆಸೆದು ಬಲೆಯಾಗಿರುತ್ತವೆ. ಎಳೆದರೆ ಗೋಜಲು ನೇರವಾಗುತ್ತದೆ, ಬಿಟ್ಟರೆ ತಾನಾಗಿ ಮತ್ತೆ ಮುದುರುತ್ತದೆ. ಈ ಬಲೆಯನ್ನು ದೇಹ ಬಹುಮಟ್ಟಿಗೆ ಹುಟ್ಟುವ ಮೊದಲು ಮತ್ತು ಎಳೆತನದಲ್ಲೇ ನೇಯ್ದು ಮುಗಿಸುತ್ತದೆ. ಆಮೇಲೆ ಹಾಳಾದರೆ ಹಾಳಾಯಿತು. ಅದರ ಪುಡಿಯನ್ನು ಕ್ರೀಮಿಗೆ ಕಲಸಿ ಬಳಿದರೆ ಅದು ಒಳಗೆ ಹೋಗಿ ಬಲೆ ಸೇರುವುದಿಲ್ಲ; ಮೇಲೆ ಕೂತು ಮಿನುಗುತ್ತದೆ, ಮುಖ ತೊಳೆದಾಗ ಹೋಗುತ್ತದೆ.

ಇದನ್ನು ಮ್ಯಾನೇಜರರಿಗೆ ಹೇಳಿದ್ದೆ. ಅವರಿಗೆ ಎಲಾಸ್ಟಿನ್ ಎಂಬ ಹೆಸರೇ ಸರಿಬರಲಿಲ್ಲ. ಕನ್ನಡದ ಕರಪತ್ರದಲ್ಲಿ ‘ಎಲಾಸ್ಟಿಕ್’ ಎಂದೇ ಬರೆಯಬೇಕಂತೆ, ಲಂಗ ಚಡ್ಡಿ ಹಾಕುವವರಿಗೆಲ್ಲ ಅರ್ಥವಾಗುತ್ತದಂತೆ. “ಜನಕ್ಕೆ ಗೊತ್ತಿರೋ ವರ್ಡ್ ಹಾಕಿ ಮೇಡಂ, ಸೈನ್ಸ್ ಆಮೇಲೆ ನೋಡ್ಕೊಳ್ಳೋಣ,” ಎಂದರು. ಆ ಆಮೇಲೆ ನಾನಿದ್ದಷ್ಟು ದಿನ ಬರಲಿಲ್ಲ. ನಾನು ಹಲ್ಲು ಕಚ್ಚಿಕೊಂಡು ‘ಚರ್ಮಕ್ಕೆ ಹೊಸ ಎಲಾಸ್ಟಿಕ್’ ಎಂದು ಬರೆದೆ. ನಾಚಿಕೆಗೇಡಿನ ಮಾತು, ಸಾಲು ಚೆನ್ನಾಗಿ ಬಂತೆಂದು ಖುಷಿಯನ್ನೂ ಪಟ್ಟೆ.

ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಆ ಊರಿನ ಹಳೇ ಒಕ್ಕಲು ಮನೆತನದವರು. ಹೊಲವಿದ್ದ ಜಾಗದಲ್ಲಿ ಸಾಲು ಮನೆ ಕಟ್ಟಿಸಿದ್ದರೂ ಅವರ ಸ್ನಾನದ ನೀರು ಕಾಯುತ್ತಿದ್ದದ್ದು ಹಂಡೆಯಲ್ಲೇ. ಒಂದು ಬೆಳಿಗ್ಗೆ ಕುದಿನೀರು ಬಿದ್ದು ಬಲ ಮೊಣಕೈಯ ಒಳಮಡಿಕೆ ಸುಟ್ಟುಹೋಯಿತು. ಗಾಯವೇನೋ ಮಾಯಿತು. ಆದರೆ ದಿನಾ ಮೂರು ಹೊತ್ತು ಕೈಯನ್ನು ಎಳೆದು ಚಾಚದಿದ್ದರೆ ಮಡಿಕೆ ಬಿಗಿದು ಕೈ ಮತ್ತೆ ನೇರವಾಗದು ಎಂದು ಆಸ್ಪತ್ರೆಯವರು ಎಚ್ಚರಿಸಿದ್ದರು. ಎಳೆಯುವಾಗ ಆಂಟಿಗೆ ಜೀವ ಹೋಗುವಷ್ಟು ನೋವು.

ಅದೇ ದಿನಗಳಲ್ಲಿ ಕಾರ್ಖಾನೆಯಲ್ಲಿ ಬಿಟ್ಟಿ ಸಿಕ್ಕಿದ ಡಬ್ಬಿಯೊಂದನ್ನು ನಾನೇ ಅವರಿಗೆ ಕೊಟ್ಟಿದ್ದೆ, ಮುಖಕ್ಕೆಂದು. ಕರಪತ್ರ ನನ್ನದೇ ಬರವಣಿಗೆ ಎಂದು ಜಂಬವನ್ನೂ ಕೊಚ್ಚಿದ್ದೆ. ಅವರು ಅದನ್ನು ಬಿಡಿಬಿಡಿಸಿ ಓದಿ, “ಲಂಗದ್ ಹಳೇ ಎಲಾಸ್ಟಿಕ್ ಕಿತ್ತು ಹೊಸಾದ್ ಆಕ್ದಂಗೆ ಅನ್ನು,” ಎಂದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಹೂಂ, ಹೆಚ್ಚುಕಮ್ಮಿ ಹಾಗೇ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆಮೇಲೆ ಎರಡು ತಿಂಗಳು ಅವರನ್ನು ದಿನಾ ನೋಡಿದೆ, ಸೆರಗಿನ ಮರೆಯಲ್ಲಿದ್ದ ಕೈಯನ್ನು ಮಾತ್ರ ನೋಡಲಿಲ್ಲ. ವಿಜ್ಞಾನಿಯಲ್ಲವೇ. ಒಂದು ಭಾನುವಾರ ತಾರಸಿಯಲ್ಲಿ ಅವರು ಬಟ್ಟೆ ಒಣಹಾಕುತ್ತಿದ್ದರು, ಎಡಗೈ ಒಂದರಲ್ಲೇ. ಬಲಗೈ ಮಡಚಿಕೊಂಡೇ ಇತ್ತು. ಯಾಕೆಂದು ಕೇಳಿದೆ.

“ಎಳೆಯಾದ್ ಬಿಟ್ಬುಟ್ಟೆ ಕಣವ್ವ. ನೀನೇ ಬರ್ದಿದ್ಯಲ್ಲ, ಅದುನ್ನೇ ಮೂರೊತ್ತೂ ತಿಕ್ತಿವ್ನಿ,” ಎಂದರು. ಹಿಂದಿನ ದಿನವಷ್ಟೇ ಆಸ್ಪತ್ರೆಗೆ ಹೋಗಿ ಬಂದಿದ್ದರಂತೆ. ಇನ್ನು ಎಳೆದು ಉಪಯೋಗವಿಲ್ಲ, ಮಡಿಕೆ ಕೊಯ್ದು ತೊಡೆಯ ಚರ್ಮ ತಂದು ಹಾಕಬೇಕು ಎಂದು ಅಲ್ಲಿಯವರು ಹೇಳಿದರಂತೆ.

ಆಗ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಸುಟ್ಟ ಜಾಗದಲ್ಲಿ ಹಗ್ಗದಂಥ ಕೊಲಾಜೆನ್ ಬಂದು ತುಂಬಿಕೊಳ್ಳುತ್ತದೆ, ಹಿಗ್ಗುವ ಬಲೆ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ, ಯಾವ ಕ್ರೀಮೂ ಅದನ್ನು ತರಲಾರದು ಎಂದೆ. ಎಂದೂ ಇಷ್ಟು ಸಲೀಸಾಗಿ ಪಾಠ ಹೇಳಿರಲಿಲ್ಲ. ಅವರು ಕೊನೆಯವರೆಗೂ ಕೇಳಿದರು.

“ಇದೆಲ್ಲ ನಿಂಗೆ ಮೊದ್ಲೇ ಗೊತ್ತಿತ್ತಾ?”

ಗೊತ್ತಿತ್ತು ಎಂದೆ. ಅವರು ಬಗ್ಗಿ ಬಕೆಟ್ಟಿನಿಂದ ಒದ್ದೆ ಸೀರೆಯೊಂದನ್ನು ಎತ್ತಿದರು. ನಾನು ಇನ್ನೊಂದು ತುದಿ ಹಿಡಿಯಲು ಹೋದೆ, ಕೊಡಲಿಲ್ಲ.