ಅತ್ತಿಗೆ ಗಂಟು

ಆ ಕಲೆಗೆ ಆರು ಮೂಲೆಗಳಿದ್ದವು. ರೆಕಾರ್ಡ್ ಪ್ಲೇಯರಿನ ಸೂಜಿ ಹಿಡಿಯುವ ಕೈಯ ತುದಿಯಲ್ಲಿ, ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ, ಹಳದಿಗಟ್ಟಿದ ಅಂಟಿನ ಗೆರೆ. ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಬಳಿಗೆ ಒಯ್ದಾಗ ಹಳೆಯ ಅಂಟಿನ ಹುಳಿ ವಾಸನೆ ಎದ್ದಿತು. ಅದರ ಬೆನ್ನಿಗೇ ಅನ್ನೂರಿನ ನಮ್ಮ ಮನೆಯ ವಾಸನೆ: ಗಂಜಿ ಹಾಕಿದ ನೂಲು, ಮಗ್ಗಕ್ಕೆ ಬಿಡುವ ಎಣ್ಣೆ, ಅಮ್ಮನ ಬೆರಳಿನ ಬೂದಿ. ನಾನು ಹತ್ತಿಯನ್ನು ಕೆಳಗಿಟ್ಟೆ. ಇಡೀ ಯಂತ್ರದಲ್ಲಿ ಒರೆಸದೆ ಬಿಟ್ಟ ಜಾಗ ಅದೊಂದೇ.

ಯಂತ್ರ ತಾತನದು. ಈಗ ಪೀಳಮೇಡಿನಲ್ಲಿ, ಅಪ್ಪನ ತಮ್ಮನ ಹೊಸ ಮನೆಯಲ್ಲಿ, ಗಾಜಿನ ಬೀರುವಿನೊಳಗೆ ಇದೆ. ಆಡಿ ಅಮಾವಾಸ್ಯೆಗೆ ತಾತನಿಗೆ ಎಡೆಯಿಡಲು ನೆಂಟರು ಸೇರುವವರಿದ್ದರು. ಅವರೆದುರು ಅದು ಹಾಡಬೇಕೆಂದು ಚಿಕ್ಕಪ್ಪನ ಆಸೆ. ಅಳತೆಯ ಉಪಕರಣಗಳನ್ನು ಸರಿಪಡಿಸುವುದು ನನ್ನ ಕೆಲಸವಾದ್ದರಿಂದ ಹಿಂದಿನ ದಿನವೇ ಕರೆಸಿಕೊಂಡಿದ್ದರು. "ವಸಿ ಹಾಡೋಂಗೆ ಮಾಡ್ಕೊಡು ನನ್ ಕಣ್ಣು," ಎಂದರು. "ಆದ್ರೆ ನಿಮ್ಮಮ್ಮನಂಗೆ ಅತ್ತಿಗೆ ಗಂಟು ಹಾಕ್ಬುಡಬ್ಯಾಡ, ಆಮೇಲೆ ಅಪ್ಪ ಫೋಟೋ ಬುಟ್ಟು ಎದ್ದು ಬತ್ತಾರೆ." ನಕ್ಕರು. ಅಮ್ಮ ತೀರಿಕೊಂಡು ಆಗ ಎರಡು ವರ್ಷವೂ ಆಗಿರಲಿಲ್ಲ.

ನಿಮ್ಮ ಬಾಲ್ಯದಲ್ಲೂ ಒಂದೇ ಸದ್ದಿನ ಮೇಲೆ ನಿಂತ ಮನೆಯೊಂದು ಇದ್ದಿರಬಹುದು. ನಮ್ಮದು ಮಗ್ಗದ ಸದ್ದಿನ ಮನೆ. ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಮಗ್ಗವಾದ್ದರಿಂದ ಪ್ರತಿ ಏಟೂ ನೆಲದಲ್ಲಿ ಹರಿದು, ಓದುತ್ತ ಕುಳಿತ ನನ್ನ ಅಂಗಾಲಿಗೆ ಮುಟ್ಟುತ್ತಿತ್ತು. ಅಮಾವಾಸ್ಯೆಯಂದು ಮಾತ್ರ ಮಗ್ಗಕ್ಕೆ ರಜ. ಆ ಬೆಳಿಗ್ಗೆ ಬೀದಿಗೆ ಬೀದಿಯೇ ಸುಮ್ಮನಾಗಿ, ಎದುರು ಮನೆಯಲ್ಲಿ ಅಕ್ಕಿ ಕೇರುವುದೂ ಕೇಳಿಸುತ್ತಿತ್ತು. ಊರೆಲ್ಲ ಸಿ.ಡಿ.ಗೆ ಮಾರುಹೋಗಿದ್ದ ಆ ಕಾಲದಲ್ಲಿ ತಾತ ಒಗೆದ ಪಂಚೆಯುಟ್ಟು ತಮ್ಮ ಪೆಟ್ಟಿಗೆಯನ್ನು ತೆರೆಯುತ್ತಿದ್ದರು. ಮೊದಲು ರಸಮಟ್ಟವಿಟ್ಟು ಕಾಲುಗಳ ಕೆಳಗೆ ಬಿದಿರಿನ ಸೀಳು ಸೇರಿಸುವುದು. ಆಮೇಲೆ ಮೆತ್ತನೆಯ ಕುಂಚದಿಂದ ಸೂಜಿಯನ್ನು ಹಿಂದಿನಿಂದ ಮುಂದಕ್ಕೆ ಒರೆಸುವುದು. ಎಂದೂ ಅಡ್ಡಡ್ಡ ಅಲ್ಲ. ಕೊನೆಗೆ ನಾದಸ್ವರದ ಒಂದೇ ರೆಕಾರ್ಡು, ಎರಡು ಮಗ್ಗುಲೂ. ನಾವು ಗೋಡೆಗೆ ಒರಗಿ ಕೂರುತ್ತಿದ್ದೆವು. ತಾತ ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ತೊಡೆಯ ಮೇಲೆ ಏನನ್ನೋ ನೇಯುತ್ತಿದ್ದರು.

ತಿರುಗುವ ರೆಕಾರ್ಡು ಸೂಜಿಯ ಕೈಯನ್ನು ಸದಾ ನಡುವಿನ ಕಡೆಗೆ ಎಳೆಯುತ್ತದೆ. ಆ ಎಳೆತವನ್ನು ಸರಿದೂಗಿಸಲು ಕೈಯ ಹಿಂದೆ ಒಂದು ನೂಲು, ನೂಲಿನ ತುದಿಯಲ್ಲಿ ಕಡಲೆಕಾಳಿನಷ್ಟು ತೂಕ ಇರುತ್ತದೆ. ಯಂತ್ರದ ಜೊತೆ ಬಂದ ನೂಲು ಹರಿದಾಗ ತಾತ ಅಂಗಡಿಗೆ ಹೋಗಲಿಲ್ಲ, ಸೊಸೆಯನ್ನು ಕರೆದರು. ಮಗ್ಗದ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಹಳೆಯ ಎಳೆಗೆ ಹೊಸ ಎಳೆಯನ್ನು ಬೂದಿ ಮುಟ್ಟಿಸಿ ಹೊಸೆದು ಕೂಡಿಸುವ ಕೆಲಸ ಅಮ್ಮನದು. ಸಾವಿರಾರು ಎಳೆ ಕೂಡಿಸಿದರೂ ಒಂದು ಬಿಚ್ಚಿದ್ದಿಲ್ಲ. ಅಮ್ಮ ಎಡಗೈಯವಳು. ರೇಷ್ಮೆ ಎಳೆಗೆ ಆ ತೂಕವನ್ನು ಕಟ್ಟಿ, ಗಂಟಿನ ಬಾಲವನ್ನು ಎಡಕ್ಕೆ ಹೊಸೆದು ಮುಗಿಸಿದಳು. ತಾತ ಅದನ್ನು ಎಳೆದು ನೋಡಿ, "ಇದು ನಮ್ಮನೆ ಹುಡುಗಿ ಕೈ," ಎಂದರಂತೆ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಯಾರೂ ಕೇಳಿರಲಿಲ್ಲ.

ನನಗೆ ಆರು ವರ್ಷವಿದ್ದಾಗಿನ ಒಂದು ಅಮಾವಾಸ್ಯೆ. ತಾತ ಸೂಜಿ ಇಳಿಸಿದರು. ನಾದಸ್ವರ ಬರಲಿಲ್ಲ, ಅದರ ಹೆಣವನ್ನು ಜಲ್ಲಿಯ ಮೇಲೆ ಎಳೆದುಕೊಂಡು ಹೋದಂಥ ಸದ್ದು ಬಂತು. ಚಿಕ್ಕಪ್ಪನಿಗೆ ಆಗ ಮದುವೆಯಾಗಿರಲಿಲ್ಲ. ಪೆರಿಯನಾಯಕನಪಾಳ್ಯಂನ ಮೋಟಾರು ವರ್ಕ್‌ಶಾಪಿಗೆ ಹೋಗುತ್ತಿದ್ದರು. ಅವರೇ ಬಗ್ಗಿ ನೋಡಿ ಹೇಳಿದರು: "ತೂಕನೇ ಇಲ್ಲಪ್ಪ. ಅತ್ತಿಗೆ ಹಾಕಿದ್ ಗಂಟು ಬಿಚ್ಕೊಂಡು ಎಲ್ಲೋ ಬಿದ್ದೋಗೈತೆ. ಅದಕ್ಕೇ ಸೂಜಿ ಅಡ್ಡ ಎಳ್ದು ಕೆರ್ದಾಕೈತೆ." ತಾತ ಅಮ್ಮನ ಮುಖ ನೋಡಲಿಲ್ಲ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಮುಂದಿನ ಹಾಸು ಬಂದಾಗ ಎಳೆ ಕೂಡಿಸಲು ಅದೇ ಬೀದಿಯಲ್ಲಿದ್ದ ತಮ್ಮ ಹಿರಿಯ ಮಗಳನ್ನು, ಅಂದರೆ ದೊಡ್ಡತ್ತೆಯನ್ನು, ಕರೆಸಿದರು. ಅಮ್ಮ ಅವರಿಗೆ ಬೂದಿಯ ಬಟ್ಟಲು ತಂದುಕೊಟ್ಟು ಒಳಗೆ ಹೋದಳು. ಸಾಯುವವರೆಗೂ ತಾತ ಆ ಕೆಲಸಕ್ಕೆ ಅವಳನ್ನು ಮತ್ತೆ ಕರೆಯಲಿಲ್ಲ.

ಉಳಿದದ್ದು ಚಿಕ್ಕಪ್ಪನ ತಮಾಷೆ. ಮಂಚದ ಹಗ್ಗ ಸಡಿಲವಾದರೆ ಅತ್ತಿಗೆ ಗಂಟು, ಲಾರಿಯ ಟಾರ್ಪಾಲು ಹಾರಿದರೆ ಅತ್ತಿಗೆ ಗಂಟು, ನೆಂಟರಲ್ಲೊಂದು ಸಂಬಂಧ ಮುರಿದಾಗಲೂ ಅದೇ ಮಾತು. ಅಮ್ಮನೂ ನಗುತ್ತಿದ್ದಳು. ಒಮ್ಮೆ ನಾನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತ ಹೇಳಿದ್ದು ಇಷ್ಟು: "ನಾನ್ ಕಟ್ಟಿದ್ದು ಬಿಚ್ಕೊಳಲ್ಲ, ಅಷ್ಟು ಗೊತ್ತು. ತಾತ ನೂಲು ತರಕ್ಕೋದಾಗ ನಾನು ನೇಯ್ತಿದ್ದೆ, ನಿಮ್ ಚಿಕ್ಕಪ್ಪ ತಾತನ ಪೆಟ್ಟೀಲಿ ಪಾಟು ಹಾಕಿ ಕೇಳ್ತಿದ್ದ. ಮಗ್ಗದ ಏಟಿಗೆ ಸೂಜಿ ಎಗ್ರಿ ಎಗ್ರಿ ಬೀಳೋದು. ಒಂದಿನ ಎಗ್ರೋದು ನಿಂತೋಯ್ತು. ಯಾಕಂತ ನಾ ಕೇಳಕ್ಕೋಗ್ಲಿಲ್ಲ."

ಯಾಕೆಂದು ನನಗೆ ಈಗ ಆರು ಮೂಲೆಗಳಲ್ಲಿ ಕಾಣಿಸಿತು. ಎಗರುವ ಸೂಜಿಯನ್ನು ಅದುಮಲು ಚಿಕ್ಕಪ್ಪ ಅದರ ತಲೆಯ ಮೇಲೆ ವರ್ಕ್‌ಶಾಪಿನ ನಟ್ಟೊಂದನ್ನು ಅಂಟಿಸಿದ್ದರು. ರೆಕಾರ್ಡು ಉಳುಮೆಯಾದ ಮೇಲೆ ಅದನ್ನು ಕಿತ್ತುಹಾಕಿದ್ದರು. ಆದರೂ ನಾನು ಅವಸರಪಡಲಿಲ್ಲ. ಅಚ್ಚಿಗೆ ಎಣ್ಣೆ ಬಿಡಲು ತಿರುಗುವ ತಟ್ಟೆಯನ್ನು ಎತ್ತಿದೆ. ಅದರಡಿಯಲ್ಲಿ, ದೂಳಿನಲ್ಲಿ ಸುರುಳಿಯಾಗಿ, ರೇಷ್ಮೆ ಎಳೆ ಇತ್ತು. ತುದಿಯಲ್ಲಿ ತೂಕ ಇತ್ತು. ಗಂಟು ಬಿಚ್ಚಿರಲಿಲ್ಲ. ಬಾಲ ಎಡಕ್ಕೇ ಹೊಸೆದುಕೊಂಡಿತ್ತು. ತಟ್ಟೆಯನ್ನು ಕೈಯಿಂದ ಎತ್ತದೆ ಅದು ಅಲ್ಲಿಗೆ ಸೇರುವುದು ಸಾಧ್ಯವಿಲ್ಲ. ನಾನು ಎಲ್ಲವನ್ನೂ ತಾತನ ಕ್ರಮದಲ್ಲೇ ಮುಗಿಸಿದೆ: ರಸಮಟ್ಟ, ಹೊಸ ಸೂಜಿ, ಪುಟ್ಟ ತಕ್ಕಡಿಯಲ್ಲಿ ಸೂಜಿಯ ಭಾರ. ಎಳೆಯನ್ನು ಮಾತ್ರ ಕಟ್ಟದೆ ಕರ್ಚೀಫಿನಲ್ಲಿ ಮಡಿಚಿಕೊಂಡೆ. ಕಲೆಯನ್ನು ಅಳೆದೆ. ಹತ್ತು ಮಿಲಿಮೀಟರ್. ನಾವೆಲ್ಲ ಓದಿದ್ದು ತಮಿಳು ಶಾಲೆಯಲ್ಲಿ; ಕನ್ನಡ ಅಕ್ಷರ ನಾನು ಕಲಿತದ್ದು ದೊಡ್ಡವಳಾದ ಮೇಲೆ, ಚಿಕ್ಕಪ್ಪನಿಗೆ ಬರುವುದಿಲ್ಲ. ಇದನ್ನು ಹೀಗೆ ಬರೆದಿಟ್ಟರಷ್ಟೇ ಅವರಿಗೆ ತಟ್ಟುತ್ತಿರಲಿಲ್ಲ, ಎಲ್ಲರೆದುರು ತೋರಿಸಬೇಕಿತ್ತು.

ಮರುದಿನ ಬೆಳಿಗ್ಗೆ ಎಡೆಯಿಟ್ಟು, ಕಾಗೆಗೆ ಅನ್ನ ಹಾಕಿ, ಎಲ್ಲರೂ ಹಾಲ್‌ನಲ್ಲಿ ಕುಳಿತರು. "ಬನ್ನಿ, ಅಪ್ಪನ ಪೆಟ್ಟಿ ಹಾಡ್ತದೆ," ಎಂದರು ಚಿಕ್ಕಪ್ಪ. "ಅತ್ತಿಗೆ ಗಂಟಿಗೂ ಸಾಯ್ದೆ ಉಳ್ಕೊಂಡೈತೆ." ನಕ್ಕರು, ಉಳಿದವರೂ ನಕ್ಕರು. ನಾನು ಎಳೆಯನ್ನು ದೊಡ್ಡತ್ತೆಯ ಅಂಗೈಯಲ್ಲಿಟ್ಟೆ. ಅವರಿಗೆ ಕಣ್ಣು ಮಂಜಾಗಿದೆ.

"ಇದು ಯಾರ ಗಂಟು ಅತ್ತೆ?"

ಅವರು ಬೆರಳಲ್ಲಿ ಉಜ್ಜಿ ನೋಡಿದರು. "ಎಡಕ್ಕೆ ಹೊಸ್ದೈತೆ. ನಿಮ್ಮಮ್ಮಂದು, ರುಕ್ಮಿಣಿದು." ಮತ್ತೆ ಎಳೆದು ನೋಡಿದರು. "ಬಿಚ್ಚಿಲ್ವಲ್ಲೇ ಇದು. ಎಲ್ಲಿತ್ತು?"

"ತಿರುಗೋ ತಟ್ಟೆ ಕೆಳಗೆ ಯಾರೋ ಇಟ್ಟಿದ್ರು."

ಹಿಂದಿನ ಸಂಜೆ ಅದೇ ಅಳತೆಗೆ ಕೊಂಡು ತಂದಿದ್ದ ಹಿತ್ತಾಳೆ ನಟ್ಟನ್ನು ಸೂಜಿಯ ತಲೆಯ ಮೇಲಿನ ಕಲೆಗೆ ಇಟ್ಟೆ. ಆರು ಮೂಲೆಗಳೂ ಕೂತವು. "ಸೂಜಿ ಎಗರದಂಗೆ ಅದುಮಕ್ಕೆ ಇಂಥ ವರ್ಕ್‌ಶಾಪ್ ನಟ್ಟೊಂದನ್ನ ಇಲ್ಲಿ ಅಂಟಿಸಿದ್ರು," ಎಂದೆ. ದೊಡ್ಡತ್ತೆ ಅದನ್ನೂ ಮುಟ್ಟಿ ನೋಡಿ, ತಮ್ಮನ ಕಡೆಗೆ ಮುಖ ತಿರುಗಿಸಿ, "ಏನೋ ಇದು ಸಾಮಿ?" ಎಂದರು. "ಇದಕ್ಕಾ ಅವಳ ಕೈಯಿಂದ ಬೂದಿ ಬಟ್ಲು ಇಸ್ಕೊಂಡೆ ನಾನು?"

ಚಿಕ್ಕಪ್ಪ, "ಆಗ ಹುಡುಗ್ ಬುದ್ಧಿ," ಎಂದರು. ಯಾರೂ ನಗಲಿಲ್ಲ.

ನಾನು ನಟ್ಟನ್ನು ತೆಗೆದು ತಾತನ ಫೋಟೋದ ಮುಂದೆ ಇಟ್ಟೆ. ಅಮ್ಮನ ಎಳೆಯನ್ನು ಅದರ ಜಾಗದಲ್ಲಿ ಸಿಕ್ಕಿಸಿದೆ. ತೂಕ ಸ್ವಲ್ಪ ಹೊತ್ತು ತೂಗಾಡಿ ನಿಂತಿತು. ಅದೇ ನಾದಸ್ವರದ ರೆಕಾರ್ಡನ್ನು ಒರೆಸಿ ಇಟ್ಟು, "ನೀವೇ ಸೂಜಿ ಇಳಿಸಿ ಚಿಕ್ಕಪ್ಪ," ಎಂದೆ. ಅವರು ಇಳಿಸಿದರು. ಜಲ್ಲಿಯ ಸದ್ದು ಹಾಲ್ ತುಂಬಿತು. ಅದರಡಿಯಲ್ಲಿ, ಬಹಳ ಕೆಳಗೆ, ಮಗ್ಗ ನಿಂತ ಬೀದಿಯೊಂದರ ಬೆಳಗು ಆಗೊಮ್ಮೆ ಈಗೊಮ್ಮೆ ಕೇಳಿ ಮುಳುಗುತ್ತಿತ್ತು. ಅವರು ಸಾಕೆಂಬಂತೆ ನನ್ನ ಕಡೆ ನೋಡಿದರು. ನಾನು ಆ ಮಗ್ಗುಲು ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದೆ, ಸದ್ದು ತಗ್ಗಿಸಲಿಲ್ಲ. ಆಮೇಲೆ ರೆಕಾರ್ಡನ್ನು ಮಗುಚಿ ಹಾಕಿದೆ.