ಕಾಲಿಗೆ ಹೊದಿಸಿದ ಶಾಲು

ಚಿಕ್ಕಂದಿನಲ್ಲಿ ಪೋಲಿಯೊ ಬಂದಾಗಿನಿಂದ ನನ್ನ ಎಡಗಾಲು ಮಡಚುವುದಿಲ್ಲ. ಪಿಟೀಲು ನುಡಿಸಲು ಅದರಿಂದ ಅಡ್ಡಿಯೇನೂ ಇಲ್ಲ. ಪಿಟೀಲಿನವರೆಲ್ಲ ಬಲಗಾಲನ್ನು ಮುಂದೆ ಚಾಚಿ ವಾದ್ಯದ ತಲೆಯನ್ನು ಪಾದದ ಮೇಲೆ ಊರಿಕೊಳ್ಳುತ್ತಾರೆ. ಆ ಕಾಲು ಸಂಗೀತಕ್ಕೆ ಸೇರಿದ್ದೆಂದು ಸಭೆ ಒಪ್ಪಿಕೊಂಡಿದೆ. ಎಡಗಾಲು ಚಾಚಿದರೆ ಮಾತ್ರ ಅಪಚಾರ.

ಅರವತ್ತರ ದಶಕದ ಆರಂಭದಲ್ಲಿ ಒಮ್ಮೆ ಅರಕಲಗೂಡಿನ ರಾಮೋತ್ಸವದ ಕಛೇರಿಗೆ ನನ್ನನ್ನು ಪಕ್ಕವಾದ್ಯಕ್ಕೆ ಕರೆದಿದ್ದರು. ನಾನು ವೇದಿಕೆಯ ಮೇಲೆ ಕೂತದ್ದೇ ತಡ, ವ್ಯವಸ್ಥಾಪಕರು ಓಡಿಬಂದರು.

"ಸಾ, ಕಾಲು ರಾಮದೇವ್ರ ಪಟದ ಕಡೀಕೆ ಓಯ್ತದೆ. ಒಸಿ ಆ ಕಡೀಕೆ ತಿರುಗ್ಕಳಿ."

ತಿರುಗಿದೆ. ಕಾಲು ಮುಂದಿನ ಸಾಲಿನ ಹಿರಿಯರನ್ನು ತೋರಿಸಿತು. ಮತ್ತೆ ತಿರುಗಿದೆ, ಹಾಡುವವರನ್ನು ತೋರಿಸಿತು. ಪಟವನ್ನೇ ಸರಿಸಿ ಎಂದೆ. ರಾಮನನ್ನು ಸರಿಸುವ ಪದ್ಧತಿ ಇಲ್ಲ ಎಂದರು. ಕಡೆಗೆ ಸನ್ಮಾನಕ್ಕೆಂದು ತಟ್ಟೆಯಲ್ಲಿಟ್ಟಿದ್ದ ಶಾಲೊಂದನ್ನು ತಂದು ಕಾಲಿನ ಮೇಲೆ ಹೊದಿಸಿ, "ಈಗ ಕಾಣಾಕಿಲ್ಲ ಬುಡಿ" ಎಂದರು.

ಕಛೇರಿ ಚೆನ್ನಾಗಿಯೇ ಆಯಿತು. ನನ್ನ ತೋಡಿ ರಾಗಕ್ಕೆ ಹಾಡುವವರೇ ತಲೆದೂಗಿದರು. ಕೊನೆಗೆ ಸನ್ಮಾನ. ಹಾಡಿದವರಿಗೆ ಶಾಲು ಹೊದಿಸಿದರು, ಮೃದಂಗದವರಿಗೂ ಹೊದಿಸಿದರು. ನನ್ನ ಸರದಿ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

"ನಿಮ್ದು ಆಗ್ಲೇ ಕೊಟ್ಟಾಯ್ತಲ್ಲ ಸಾ," ಎಂದು ವ್ಯವಸ್ಥಾಪಕರು ಕಾಲನ್ನು ತೋರಿಸಿದರು. ಆಮೇಲೆ ಮೈಕಿನತ್ತ ತಿರುಗಿ, "ಇಂಥಾ ಕಾಲಿಟ್ಕಂಡು ಎಂಗ್ ನುಡಿಸ್ಬುಟ್ರು ನೋಡ್ರಪ್ಪಾ!" ಎಂದು ಕೂಗಿದರು.

ಪಿಟೀಲನ್ನು ಕೈಯಿಂದ ನುಡಿಸುತ್ತಾರೆಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಕಾಲಿನ ಪರವಾಗಿ ನಾನು ಕೈ ಮುಗಿದೆ.