ಬೀಟೆ ಮರದ ಕತ್ತು

ನಮ್ಮ ಆರ್ಕೆಸ್ಟ್ರಾ ಪಾರ್ಟಿಯ ಬೇಸ್ ಗಿಟಾರಿಗೆ ಕತ್ತೇ ಭಾರ. ಕೈ ಬಿಟ್ಟರೆ ಅದರ ತಲೆ ನೇರ ನೆಲಕ್ಕೆ ಹೋಗುತ್ತಿತ್ತು.

ಎಪ್ಪತ್ತರ ದಶಕದ ಮಾತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹುಣಸೂರಿನ ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದೆ. ಪಾರ್ಟಿಯ ಯಜಮಾನನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಮದ್ರಾಸಿನಿಂದ ಗಿಟಾರ್ ತರಿಸುವ ಬದಲು ಇಲ್ಲೇ ಬಡಗಿಯ ಕೈಲಿ ಮಾಡಿಸಿದ. ಕತ್ತು ಕಪ್ಪಗೆ ಮಿಂಚಬೇಕು, ಜನ ನೋಡಬೇಕು ಅಂತ ಅದಕ್ಕೆ ಬೀಟೆ ಹಾಕಿಸಿದ, ಅದೂ ನೊಗದಷ್ಟು ದಪ್ಪ. ಬಣ್ಣ ಬಳಿಯುವ ಒಡಲಿಗೆ ಯಾವ ಮರವಾದರೇನು ಅಂತ ಹಾಲುವಾಣ ಹಾಕಿಸಿದ. ಹಾಲುವಾಣ ಒಣಗಿದರೆ ಬೆಂಡು.

ಮೊದಲು ಅದನ್ನು ನುಡಿಸಿದವನು ಯಜಮಾನನ ಭಾಮೈದ. ಎರಡು ಹಾಡಿಗೆ ಅವನ ಮಣಿಕಟ್ಟು ಬಾತುಕೊಂಡಿತು. ಕೂತರೂ ತೊಡೆ ಮೇಲಿಂದ ಜಾರುತ್ತಿತ್ತು. ಆಗ ಪಾರ್ಟಿಯ ಸ್ಪೀಕರ್ ಬಾಕ್ಸ್ ಇಳಿಸಲು ಹೋಗುತ್ತಿದ್ದ ನನ್ನನ್ನು ಕರೆದರು. ಪ್ರಾಕ್ಟೀಸ್ ಮುಗಿದ ಮೇಲೆ ಅದರ ತಂತಿ ಮೀಟಿ ಮೀಟಿ ನಾನು ಒಂದಷ್ಟು ಕಲಿತಿದ್ದೆ. ಅದನ್ನು ನೋಡಿ ಕರೆದರು ಅಂದುಕೊಂಡೆ. ಡಿಪೋ ತಪ್ಪಿತು, ಇನ್ನು ಸ್ಟೇಜೇ ನನ್ನ ಜಾಗ ಅಂದುಕೊಂಡೆ.

ಎಡಗೈ ತಂತಿ ಒತ್ತಬೇಕು. ನನ್ನ ಎಡಗೈ ಕತ್ತು ಹೊರುತ್ತಿತ್ತು. ಬೆರಳು ಸರಿಸಲು ಹಿಡಿತ ಸಡಿಲಿಸಿದರೆ ತಲೆ ಕೆಳಗೆ, ಸ್ವರ ಎಲ್ಲಿಗೋ. ಪಿರಿಯಾಪಟ್ಟಣದ ಒಂದು ಮದುವೆಯಲ್ಲಿ ಅದು ಜಾರಿ ಮೈಕನ್ನೇ ಕೆಡವಿತು. ಚಪ್ಪರವೆಲ್ಲ ನಕ್ಕಿತು. ವಾಪಸು ಬರುವಾಗ ವ್ಯಾನಿನಲ್ಲಿ ಭಾಮೈದ ಶುರು ಮಾಡಿದ.

"ಎಮ್ಮೆ ಕಟ್ಟಾಕೆ ಗೂಟ ಒಡೀತಾವ್ನೆ ಅನ್ಕೊಂಡ್ರು ಕಣ್ಲಾ ಜನ."

ಯಜಮಾನ ತಿರುಗಿಯೂ ನೋಡಲಿಲ್ಲ. "ಭೇರ್ಯದ ಮದ್ವೇಲಿ ಇನ್ನೊಂದ್ಸಲ ಬೀಳ್ಲಿ. ನೀನು ದಿಮ್ಮಿಗೇ ಸರಿ."

"ಕತ್ತು ಭಾರ ಯಜಮಾನ್ರೇ. ಒಸಿ ಕೆತ್ಸಿ," ಅಂದೆ.

"ಬೀಟೆ ಏನು ನಿಮ್ಮಪ್ಪ ಕೊಡ್ಸಿದ್ನಾ? ನಿನ್ನೆಗಲ್ನೇ ಕೆತ್ಸ್ಕೊ."

ಗಿಟಾರನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ನಮ್ಮಪ್ಪ ಎಚ್.ಡಿ. ಕೋಟೆ ಕಡೆಯಿಂದ ಡಿಪೋಗೆ ಮರ ಸಾಗಿಸುವ ಗಾಡಿಯವನು. ಹೇರು ಮುಗಿದ ಮೇಲೆ, ಎತ್ತು ಹೂಡುವ ಮೊದಲು, ನೊಗ ಕಟ್ಟುವ ಗಾಡಿಯ ಮೂಕಿಮರವನ್ನು ಒಂದೇ ಕೈಲಿ ಎತ್ತಿ ನೋಡುತ್ತಿದ್ದ. ಮೂಕಿ ಏಳದಿದ್ದರೆ ಮುಂದೆ ಭಾರ, ತಾನೇ ಎದ್ದರೆ ಹಿಂದೆ ಭಾರ. ಗಿಟಾರನ್ನೂ ಹಾಗೇ ಎತ್ತಿ ನೋಡಿದ.

"ಮುಂದ್ಕೆ ಬಿದ್ದದೆ ಕಣ್ಲಾ ಭಾರ. ಇಂದ್ಕೂ ಒಸಿ ಭಾರ ಏರು."

ಹಿತ್ತಲ ಗೂಡಿನಿಂದ ಸವೆದ ಲಾಳಗಳನ್ನು ತಂದು ನನ್ನ ಮುಂದೆ ಸುರಿದ. ಹಿಂದಿನ ವರ್ಷ ಸತ್ತ ಎತ್ತಿನವು. ಹೆಣ ಎಳೆದುಕೊಂಡು ಹೋಗುವವರು ಬರುವ ಮೊದಲೇ ಕಾಲಿನಿಂದ ಕಿತ್ತಿಟ್ಟಿದ್ದ.

"ಇವೇ ಒಡಿ. ಮುಂದಿನ್ ಭಾರಕ್ಕೇ ಸತ್ತಿದ್ದು ಅದು."

ಗಿಟಾರಿನ ಹಿಂದೆ, ಬುಡದ ಅಂಚಿಗೆ, ಒಂದೊಂದೇ ಲಾಳ ಹೊಡೆದು ಹೆಗಲಿಗೆ ಹಾಕಿ ನೋಡಿದೆ. ಸಾಲಲಿಲ್ಲ. ಗಾಡಿ ಚಕ್ರ ಕಳಚದಂತೆ ಹಾಕುವ ಕಬ್ಬಿಣದ ಹಳೇ ಕಡಾಣಿಯನ್ನೂ ಸೇರಿಸಿದೆ. ಎರಡೂ ಕೈ ಬಿಟ್ಟೆ. ನಿಂತಿತು.

ಭೇರ್ಯದಲ್ಲಿ ಅದು ಒಂದು ಸಲವೂ ಬೀಳಲಿಲ್ಲ. ಎಡಗೈಗೆ ಮೊದಲ ಸಲ ಬಿಡುವು ಸಿಕ್ಕಿತು, ಬೆರಳು ಹೇಳಿದ ಕಡೆ ಹೋದವು. ಆದರೆ ಕಬ್ಬಿಣ ಸೇರಿ ಗಿಟಾರ್ ಇನ್ನೂ ತೂಕವಾಗಿತ್ತು. ಅದನ್ನು ತೂಗುಹಾಕುವ ಗೋಣಿ ಪಟ್ಟಿ ಎಡಹೆಗಲನ್ನು ಕೊಯ್ದು ಶರ್ಟು ಚರ್ಮಕ್ಕೆ ಅಂಟಿತ್ತು. ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಭಾಮೈದ ಚಪ್ಪರದ ಹಿಂದೆ ಕುರ್ಚಿಯಲ್ಲಿ ಕೂತು ಅದನ್ನು ತೊಡೆ ಮೇಲಿಟ್ಟ. ಕೈ ಬಿಟ್ಟು ನೋಡಿದ.

"ಭಾವ, ಇದು ಈಗ ಸಾಧು ಆಗ್ಬುಟ್ಟದೆ."

"ಅಂಗಾರೆ ಹನಗೋಡ್ ಪ್ರೋಗ್ರಾಮ್ಗೆ ನೀನೇ ನುಡ್ಸು," ಅಂದ ಯಜಮಾನ.

ನಾನು ಅಲ್ಲೇ ನಿಂತಿದ್ದೆ. "ನಾನ್ ತಪ್ಪು ನುಡ್ಸುದ್ನಾ ಯಜಮಾನ್ರೇ?"

"ಇಲ್ಲ ಕಣ್ಲಾ. ಚೆನ್ನಾಗೇ ನುಡ್ಸ್ದೆ."

"ಮತ್ತೆ?"

"ಎತ್ತಿಡಿಯಾಕೆ ಒಂದಾಳು ಬೇಕಿತ್ತು. ಈಗ ಅದೇ ನಿಂತ್ಕತದಲ್ಲ. ನಿನ್ ಮಕ ನೋಡಾಕೆ ಯಾರ್ ಬತ್ತಾರೆ? ಬಾಕ್ಸ್ ಇಳ್ಸಾಕೆ ಬೇಕಾರೆ ಬಾ."

"ಲಾಳ ನಮ್ಮವು," ಅಂದೆ.

ಭಾಮೈದನ ತೊಡೆ ಮೇಲೇ ಗಿಟಾರನ್ನು ಮಗುಚಿ, ಇಕ್ಕಳದಲ್ಲಿ ಒಂದೊಂದನ್ನೇ ಕಿತ್ತೆ. ಕೊನೆಗೆ ಕಡಾಣಿ. ಗಿಟಾರನ್ನು ಮತ್ತೆ ನೆಟ್ಟಗೆ ಮಾಡಿ ಕೈ ತೆಗೆದೆ. ಬೀಟೆಯ ತಲೆ ಅವನ ಕಾಲ್ಬೆರಳ ಮೇಲೆ ಬಿತ್ತು. ಅವನು ಕಿರುಚಿದ್ದು ನನಗೆ ಹಿತವಾಗಿತ್ತು. ಯಜಮಾನನಿಗೂ ನಗು ಬಂತು. ಗಿಟಾರನ್ನು ಎತ್ತಿ ಹಿಂದೆ ಬೆರಳಾಡಿಸಿದ.

"ತಕೊಂಡೋಗು. ತೂತು ಇಲ್ಲೇ ಅವೆಯಲ್ಲ."

ಮನೆಯಲ್ಲಿ ಅಪ್ಪ ಲಾಳಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಗೂಡಿಗಿಟ್ಟ. ನೊಗದ ಗಾಯಕ್ಕೆ ಎತ್ತುಗಳಿಗೆ ಹಚ್ಚುವ ಬೇವಿನೆಣ್ಣೆಯನ್ನೇ ನನ್ನ ಎಡಹೆಗಲಿಗೂ ಹಚ್ಚಿದ. ಉರಿಗೆ ನಾನು ಹಲ್ಲು ಕಚ್ಚಿದೆ.

"ಬಲಗಡೇದು ಚೆನ್ನಾಗದಲ್ಲ," ಅಂದ. "ನಾಳೆ ಅದ್ರಲ್ಲಿ ದಿಮ್ಮಿ ಒರು."

ಹನಗೋಡಿನ ಕಾರ್ಯಕ್ರಮಕ್ಕೆ ಅವೇ ತೂತುಗಳಿಗೆ ಹೊಸ ಕಬ್ಬಿಣ ಹೊಡೆಸಿದ್ದರು. ಭಾಮೈದ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತು ನುಡಿಸಿದ. ಅರ್ಧಕ್ಕರ್ಧ ತಪ್ಪು. ಜನ ಚಪ್ಪಾಳೆ ಹೊಡೆದರು. ಬಾಕ್ಸ್ ಇಳಿಸಿದವನು ನಾನೇ, ಬಲಹೆಗಲಲ್ಲಿ.